ಪುಟ್ಟ ಟ್ಯೂಬ್ ಆಂಪ್ ಮನೆಯಲ್ಲಿ ತಕರಾರು ತೆಗೆದಾಗ

ಗಿಟಾರ್ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್‌ಗೆ ಚಿಕ್ಕದಾಗಿ ಆಂಪ್ ಅನ್ನುತ್ತಾರೆ. ಆ ಕೆಲಸವನ್ನು ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಮಾಡಿದರೆ ಅದು ಟ್ಯೂಬ್ ಆಂಪ್. ಐದು ವ್ಯಾಟಿನ ಟ್ಯೂಬ್ ಆಂಪ್ ಒಳಗೆ ಸಾಮಾನು ತೀರಾ ಕಡಿಮೆ. ಗಿಟಾರ್‌ನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಒಂದು ಪ್ರಿಆಂಪ್ ಟ್ಯೂಬ್, ಹೆಚ್ಚಾಗಿ 12ಎಎಕ್ಸ್7. ಸ್ಪೀಕರ್ ಓಡಿಸುವ ಒಂದು ಪವರ್ ಟ್ಯೂಬ್, ಇಎಲ್84 ಇಲ್ಲವೇ 6ವಿ6. ಎರಡು ಟ್ರಾನ್ಸ್‌ಫಾರ್ಮರ್, ಒಂದಿಷ್ಟು ಕೆಪಾಸಿಟರ್, ಒಂದು ಸ್ಪೀಕರ್. 1950ರ ದಶಕದ ಫೆಂಡರ್ ಚಾಂಪ್‌ನಿಂದ ಹಿಡಿದು ಇವತ್ತಿನ ಅನೇಕ ಪುಟ್ಟ ಆಂಪ್‌ಗಳವರೆಗೆ ಮೂಲ ವಿನ್ಯಾಸ ಅಷ್ಟೇನೂ ಬದಲಾಗಿಲ್ಲ. ಹಾಗಾಗಿ ಇದರಲ್ಲಿ ದೋಷ ಹುಡುಕುವುದು ದೊಡ್ಡ ಆಂಪ್‌ನಷ್ಟು ಕಷ್ಟವಲ್ಲ.

ಆದರೂ ತುಂಬಾ ಜನ ತಪ್ಪು ಕಡೆಯಿಂದ ಶುರು ಮಾಡುತ್ತಾರೆ. ಸದ್ದು ಸರಿಯಿಲ್ಲ ಅನ್ನಿಸಿದ ಕೂಡಲೇ ಹೊಸ ಟ್ಯೂಬ್ ತರಿಸಿಬಿಡುತ್ತಾರೆ. ಮನೆಯಲ್ಲಿ ಕಾಣಿಸುವ ತೊಂದರೆಗಳಲ್ಲಿ ಬಹಳಷ್ಟು ಆಂಪ್ ಒಳಗೆ ಇರುವುದೇ ಇಲ್ಲ. ಕೇಬಲ್‌ನಲ್ಲಿ ಇರುತ್ತವೆ, ಗಿಟಾರ್‌ನಲ್ಲಿ ಇರುತ್ತವೆ, ಪಕ್ಕದ ಚಾರ್ಜರ್‌ನಲ್ಲಿ ಇರುತ್ತವೆ, ಕೋಣೆಯಲ್ಲಿ ಇರುತ್ತವೆ. ಹೊರಗಿನಿಂದ ಒಳಗೆ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲನ್ನೂ ಟ್ಯೂಬನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಮೊದಲು ಜೀವದ ಮಾತು

ಆಂಪ್ ಪುಟ್ಟದು ಅಂತ ಸಲಿಗೆ ಬೇಡ. ಒಳಗೆ 300 ವೋಲ್ಟ್ ಆಸುಪಾಸಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಡಿಸಿಯನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳು ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು. ಇಲ್ಲಿ ಹೇಳುವ ಪರೀಕ್ಷೆಗಳೆಲ್ಲ ಷಾಸಿ (ಸರ್ಕ್ಯೂಟ್ ಕೂತಿರುವ ಲೋಹದ ಪೆಟ್ಟಿಗೆ) ಬಿಚ್ಚದೆ ಮಾಡುವಂಥವು. ಷಾಸಿ ಬಿಚ್ಚಬೇಕಾದ ಹಂತ ಬಂದರೆ ಟ್ಯೂಬ್ ಆಂಪ್ ಗೊತ್ತಿರುವ ಟೆಕ್ನಿಷಿಯನ್ ಕೈಗೆ ಕೊಡಿ.

ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಲೇಬಾರದು. ಸ್ಪೀಕರ್ ಎಂಬ ಲೋಡ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಅದರ ಇನ್ಸುಲೇಷನ್ ಸುಟ್ಟುಹೋಗಬಹುದು, ಟ್ಯೂಬ್ ಸಾಕೆಟ್‌ನಲ್ಲಿ ಕಿಡಿ ಹಾರಬಹುದು. ಇಡೀ ಆಂಪ್‌ನಲ್ಲಿ ಬದಲಿಸಲು ದುಬಾರಿ ಭಾಗ ಅಂದರೆ ಟ್ರಾನ್ಸ್‌ಫಾರ್ಮರ್‌ಗಳೇ. ಟ್ರಾನ್ಸಿಸ್ಟರ್ ಆಂಪ್ ಬಳಸಿ ಅಭ್ಯಾಸವಾದವರಿಗೆ ಇದು ಹೊಸದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ಥಿಂಗ್ ಪಿನ್ ಕತ್ತರಿಸುವ ‘ಉಪಾಯ’ ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ಹೋಗಬಹುದು. ಆಮೇಲೆ ಒಳಗೆ ಏನಾದರೂ ಷಾರ್ಟ್ ಆದರೆ ಷಾಸಿಗೆ ಬಂದ ಕರೆಂಟು ಗಿಟಾರ್ ತಂತಿಯ ಮೂಲಕ ನಿಮ್ಮ ಕೈಗೇ ಬರುತ್ತದೆ.

ಗುಂಯ್ ಎನ್ನುವ ಹಮ್

ಅತಿ ಹೆಚ್ಚು ಕೇಳಿಬರುವ ದೂರು ಇದು. ಮೊದಲೇ ಒಂದು ಮಾತು: ಒಂದೇ ಪವರ್ ಟ್ಯೂಬ್ ಇರುವ ಆಂಪ್ ಸ್ವಲ್ಪವಾದರೂ ಹಮ್ ಮಾಡುತ್ತದೆ. ಎರಡು ಪವರ್ ಟ್ಯೂಬ್‌ನ ಪುಶ್-ಪುಲ್ ಆಂಪ್‌ನಲ್ಲಿ ವಿದ್ಯುತ್ ಪೂರೈಕೆಯ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲೇ ಬಹುಪಾಲು ರದ್ದಾಗುತ್ತದೆ. ಒಂಟಿ ಟ್ಯೂಬ್‌ನಲ್ಲಿ ಆ ಅನುಕೂಲ ಇಲ್ಲ. ಸ್ಪೀಕರ್ ಹತ್ತಿರ ಕಿವಿ ಇಟ್ಟಾಗ ಸಣ್ಣಗೆ ಕೇಳಿಸಿ, ಕೋಣೆಯ ಆಚೆ ಬದಿ ಕೂತರೆ ಕೇಳಿಸದಿದ್ದರೆ ಅದನ್ನು ದೋಷ ಅಂತ ಲೆಕ್ಕ ಹಿಡಿಯಬೇಡಿ.

ಅದಕ್ಕಿಂತ ಜಾಸ್ತಿ ಇದೆಯಾ? ಹಾಗಾದರೆ ಗಿಟಾರ್ ಕೇಬಲ್ ಕಿತ್ತುಬಿಡಿ. ಇನ್‌ಪುಟ್ ಜಾಕ್‌ನಲ್ಲಿ ಏನೂ ಇಲ್ಲದಾಗ ಹೆಚ್ಚಿನ ಆಂಪ್‌ಗಳಲ್ಲಿ ಇನ್‌ಪುಟ್ ತಾನಾಗಿ ಗ್ರೌಂಡ್‌ಗೆ (ಸೊನ್ನೆ ವೋಲ್ಟ್‌ಗೆ) ಜೋಡಣೆಯಾಗುತ್ತದೆ. ಸದ್ದು ಅಡಗಿತು ಅಂದರೆ ಆಂಪ್ ನಿರ್ದೋಷಿ. ತೊಂದರೆ ಗಿಟಾರ್, ಕೇಬಲ್, ಪೆಡಲ್ ಇಲ್ಲವೇ ಕೋಣೆಯದು. ಗಿಟಾರ್‌ನ ಪಿಕಪ್ (ತಂತಿಯ ಅದುರುವಿಕೆಯನ್ನು ಸಿಗ್ನಲ್ ಮಾಡುವ ಭಾಗ) ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆಗಿದ್ದರೆ ಗಿಟಾರ್ ಹಿಡಿದುಕೊಂಡು ನಿಧಾನಕ್ಕೆ ಸುತ್ತ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಗುಂಯ್ ಏರಿ ಇನ್ನೊಂದು ದಿಕ್ಕಿನಲ್ಲಿ ಇಳಿದರೆ ಪಿಕಪ್ ಗಾಳಿಯಲ್ಲಿರುವುದನ್ನು ಹಿಡಿಯುತ್ತಿದೆ. ಡಿಮ್ಮರ್, ಎಲ್‌ಇಡಿ ದೀಪ, ಫೋನ್ ಚಾರ್ಜರ್, ಕಂಪ್ಯೂಟರ್ ಒಂದೊಂದಾಗಿ ಆರಿಸುತ್ತಾ ಹೋಗಿ. ಎಷ್ಟೋ ಸಲ ಆಂಪ್ ಮೇಲೆಯೇ ಇಟ್ಟ ಪೆಡಲ್ ಅಡಾಪ್ಟರ್ ಇದಕ್ಕೆ ಕಾರಣ. ಗಿಟಾರ್ ತಂತಿ ಮುಟ್ಟಿದರೆ ಸದ್ದು ಕಡಿಮೆಯಾಗುತ್ತದೆಯೇ? ಬ್ರಿಜ್‌ಗೆ ಗ್ರೌಂಡ್ ಇರುವ ಗಿಟಾರ್‌ನಲ್ಲಿ ಅದು ಸಹಜ. ಮುಟ್ಟಿದಾಗ ಸದ್ದು ಏರಿದರೆ ಮಾತ್ರ ಗಿಟಾರ್ ಒಳಗಿನ ಗ್ರೌಂಡ್ ವೈರ್ ನೋಡಿಸಿ.

ಆಂಪ್‌ನಿಂದ ಕಂಪ್ಯೂಟರ್‌ಗೂ ಒಂದು ಕೇಬಲ್ ಹೋಗಿದ್ದರೆ ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ಥ್‌ಗೆ ಸೇರಿ ಒಂದು ಸುತ್ತು ಆಗಿರಬಹುದು. ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹೋಯಿತು ಅಂದರೆ ಕಾರಣ ಸಿಕ್ಕಿತು. ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿದರೆ ಸಾಕಾಗುತ್ತದೆ.

ಕೇಬಲ್ ಕಿತ್ತರೂ ಸದ್ದು ಹಾಗೇ ಇದ್ದರೆ ವಾಲ್ಯೂಮ್ ನಾಬನ್ನು ಸೊನ್ನೆಗೆ ತನ್ನಿ. ಸದ್ದು ನಾಬ್ ಜೊತೆ ಇಳಿದರೆ ತೊಂದರೆ ವಾಲ್ಯೂಮ್‌ಗಿಂತ ಮುಂಚೆ ಇದೆ: ಪ್ರಿಆಂಪ್ ಟ್ಯೂಬ್ ಅಥವಾ ಇನ್‌ಪುಟ್ ಜಾಕ್. ನಾಬ್‌ಗೆ ಸಂಬಂಧವೇ ಇಲ್ಲದಂತೆ ಒಂದೇ ಸಮ ಇದ್ದರೆ ವಾಲ್ಯೂಮ್‌ನ ಆಚೆ ಇದೆ: ಪವರ್ ಟ್ಯೂಬ್ ಅಥವಾ ಫಿಲ್ಟರ್ ಕೆಪಾಸಿಟರ್.

ಇಲ್ಲಿ ಗಿಟಾರನ್ನೇ ಮೀಟರ್ ಮಾಡಿಕೊಳ್ಳಬಹುದು. 50 ಹರ್ಟ್ಸ್ ಮೈನ್ಸ್ ಇರುವ ಕಡೆ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ನುಡಿಸಿ. ಆ ಜಿ ಸ್ವರ 98 ಹರ್ಟ್ಸ್. ಹಮ್ ಇದಕ್ಕೆ ಹೆಚ್ಚುಕಮ್ಮಿ ಹೊಂದಿದರೆ ಅದು 100 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಬಂದ ಏರಿಳಿತ ಅದು. ಫಿಲ್ಟರ್ ಕೆಪಾಸಿಟರ್ ಸೊರಗಿದೆ ಅನ್ನುವ ಗುಮಾನಿ ಬಲವಾಗುತ್ತದೆ. ಹಮ್ ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ದರೆ ಅದು 50 ಹರ್ಟ್ಸ್. ಟ್ಯೂಬನ್ನು ಒಳಗಿನಿಂದ ಕಾಯಿಸುವ ಫಿಲಮೆಂಟ್ ಕಡೆಯಿಂದಲೋ ಗ್ರೌಂಡ್ ಕಡೆಯಿಂದಲೋ ಬರುತ್ತಿದೆ. 60 ಹರ್ಟ್ಸ್ ಮೈನ್ಸ್ ಇದ್ದರೆ ಐದನೇ ತಂತಿಯ ಒಂದು ಮತ್ತು ಎರಡನೇ ಫ್ರೆಟ್‌ಗಳ ನಡುವೆ ಎಲ್ಲೋ 120 ಹರ್ಟ್ಸ್ ಸಿಗುತ್ತದೆ. 6 ಇಲ್ಲವೇ 8 ಇಂಚಿನ ಸ್ಪೀಕರ್ 50 ಹರ್ಟ್ಸನ್ನು ಸರಿಯಾಗಿ ಹೊರಡಿಸಲಾರದು. ಅದರಲ್ಲಿ ಕೇಳಿದ್ದನ್ನು ಸುಳಿವು ಅಂತ ತೆಗೆದುಕೊಳ್ಳಿ, ತೀರ್ಪು ಅಂತ ಅಲ್ಲ.

ಕೆಪಾಸಿಟರ್ ಸೊರಗಿದ್ದಕ್ಕೆ ಇನ್ನೊಂದು ಗುರುತು ಉಂಟು. ವಾಲ್ಯೂಮ್ ಏರಿಸಿ ತೆಳ್ಳಗಿನ ತಂತಿಗಳಲ್ಲಿ ಒಂದು ಸ್ವರವನ್ನು ಬೆಂಡ್ ಮಾಡಿ. ಅದರ ಹಿಂದೆ, ಶ್ರುತಿ ಸೇರದ ಇನ್ನೊಂದು ಸ್ವರ ನೆರಳಿನ ಹಾಗೆ ಹರಿದಾಡುತ್ತಿದ್ದರೆ ವಿದ್ಯುತ್ ಪೂರೈಕೆಯ ಏರಿಳಿತ ಸ್ವರದ ಜೊತೆ ಬೆರೆಯುತ್ತಿದೆ. ಹದಿನೈದು ಇಪ್ಪತ್ತು ವರ್ಷ ಹಳೆಯ ಆಂಪ್‌ನಲ್ಲಿ ಇದು ಕೇಳಿಸಿದರೆ ಎಲೆಕ್ಟ್ರೊಲಿಟಿಕ್ ಜಾತಿಯ ಈ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಿಸುವ ಕಾಲ ಬಂದಿದೆ.

ಟ್ಯೂಬ್ ಮೇಲೆ ಅನುಮಾನ ಬಂದರೆ

ಎರಡೇ ಟ್ಯೂಬ್ ಇರುವುದರಿಂದ ಒಂದೊಂದು ಬಿಡಿ ಟ್ಯೂಬ್ ಮನೆಯಲ್ಲಿ ಇಟ್ಟುಕೊಳ್ಳುವುದೇ ಒಳ್ಳೆಯದು. ಚೆನ್ನಾಗಿದೆ ಅಂತ ಗೊತ್ತಿರುವ ಟ್ಯೂಬ್ ಹಾಕಿ ನೋಡುವಷ್ಟು ನಂಬಿಕೆಯ ಪರೀಕ್ಷೆ ಬೇರೆ ಇಲ್ಲ.

ಹಾಕುವ ಮುಂಚೆ ತಟ್ಟಿ ನೋಡಿ. ಆಂಪ್ ಆನ್ ಇರಲಿ, ವಾಲ್ಯೂಮ್ ಅರ್ಧಕ್ಕಿರಲಿ, ಗಿಟಾರ್ ಬೇಡ. ಪೆನ್ಸಿಲ್‌ನ ರಬ್ಬರ್ ತುದಿಯಿಂದ ಪ್ರಿಆಂಪ್ ಟ್ಯೂಬ್ ಗಾಜನ್ನು ಮೆತ್ತಗೆ ತಟ್ಟಿ. ಮೇಲೆ ಲೋಹದ ಮುಚ್ಚಳ ಇದ್ದರೆ ಅದರ ಮೇಲೇ ತಟ್ಟಿ. ಎಲ್ಲ 12ಎಎಕ್ಸ್7ಗಳೂ ಸ್ವಲ್ಪ ‘ಟಕ್ ಟಕ್’ ಅನ್ನುತ್ತವೆ, ಅದು ಸರಿ. ತಟ್ಟಿದ ಮೇಲೆ ‘ಟಿಂಗ್…’ ಅಂತ ಗಂಟೆಯ ಹಾಗೆ ಎಳೆದರೆ ಆ ಟ್ಯೂಬ್ ಮೈಕ್ರೊಫೋನಿಕ್ ಆಗಿದೆ. ಒಳಗಿನ ಲೋಹದ ಭಾಗಗಳು ಸಡಿಲಗೊಂಡು ಮೈಕಿನ ಕೆಲಸ ಮಾಡುತ್ತಿವೆ. ಕಾಂಬೋ ಆಂಪ್‌ನಲ್ಲಿ ಟ್ಯೂಬ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಇದು ಬೇಗ ಕೂಗಲು ಶುರು ಮಾಡುತ್ತದೆ. ತಟ್ಟಿದಾಗ ಚಟಪಟ ಅಂದರೆ ಟ್ಯೂಬ್ ಕೆಟ್ಟಿರಬಹುದು, ಸಾಕೆಟ್ ಕೊಳೆಯಾಗಿರಲೂಬಹುದು. ಆಂಪ್ ಆರಿಸಿ, ತಣ್ಣಗಾಗಲು ಬಿಟ್ಟು, ಟ್ಯೂಬನ್ನು ಎರಡು ಮೂರು ಸಲ ತೆಗೆದು ಹಾಕಿ. ಪಿನ್ ಉಜ್ಜಿದ ಹಾಗಾಗಿ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ.

ತೆಗೆಯುವಾಗ ನೇರ ಮೇಲಕ್ಕೆ ಎಳೆಯಿರಿ. 12ಎಎಕ್ಸ್7, ಇಎಲ್84ಗಳ ಒಂಬತ್ತು ಪಿನ್‌ಗಳ ನಡುವೆ ಒಂದು ಅಗಲದ ಖಾಲಿ ಜಾಗ ಇರುತ್ತದೆ, ಹಾಕುವಾಗ ಅದನ್ನು ನೋಡಿಕೊಂಡೇ ಕೂರಿಸಿ. ಬಲ ಹಾಕಿದರೆ ಪಿನ್ ಬಾಗುತ್ತದೆ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಒಳಗೆ ಫಿಲಮೆಂಟ್‌ನ ಕಿತ್ತಳೆ ಬೆಳಕು ಇದ್ದರೆ ಸರಿ. ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡರೆ ಗಾಬರಿ ಬೇಡ, ಬಹಳಷ್ಟು ಪವರ್ ಟ್ಯೂಬ್‌ಗಳಲ್ಲಿ ಅದು ಇರುತ್ತದೆ. ಗಾಜಿನ ಮೇಲ್ಭಾಗದ ಬೆಳ್ಳಿ ಬಣ್ಣ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಟ್ಯೂಬ್ ಸತ್ತಿದೆ. ಎಲ್ಲಕ್ಕಿಂತ ಕೆಟ್ಟದ್ದು ಪವರ್ ಟ್ಯೂಬ್‌ನ ಬೂದು ಬಣ್ಣದ ಪ್ಲೇಟೇ ಕೆಂಪಗೆ ಕಾಯುವುದು. ಕಂಡ ತಕ್ಷಣ ಆಂಪ್ ಆರಿಸಿ. ಟ್ಯೂಬ್ ಬದಲಿಸಿದರೂ ಕೆಂಪಾದರೆ ಬಯಾಸ್ (ಟ್ಯೂಬ್‌ನಲ್ಲಿ ಎಷ್ಟು ಕರೆಂಟು ಹರಿಯಬೇಕು ಅನ್ನುವ ಹೊಂದಾಣಿಕೆ) ತಪ್ಪಿದೆ, ಬಹುಶಃ ಹಿಂದಿನ ಹಂತದ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಇನ್ನೊಂದು ಹೊಸ ಟ್ಯೂಬನ್ನು ಬಲಿ ಕೊಡಬೇಡಿ.

ಪ್ರಿಆಂಪ್ ಟ್ಯೂಬ್‌ಗೆ ಬಯಾಸ್ ಹೊಂದಿಸುವ ಕೆಲಸ ಇಲ್ಲ. ಒಂಟಿ ಪವರ್ ಟ್ಯೂಬ್‌ನ ಪುಟ್ಟ ಆಂಪ್‌ಗಳು ಹೆಚ್ಚಾಗಿ ತಾನಾಗಿ ಹೊಂದಿಕೊಳ್ಳುವ ಕ್ಯಾಥೋಡ್ ಬಯಾಸ್ ಆದ್ದರಿಂದ ಅವಕ್ಕೂ ಬೇಕಾಗುವುದಿಲ್ಲ. ಆದರೆ ಮೊದಲಿದ್ದ ಜಾತಿಯ ಟ್ಯೂಬನ್ನೇ ಹಾಕಬೇಕು. ಇಎಲ್84 ಇದ್ದ ಕಡೆ 6ವಿ6 ಕೂರುವುದೂ ಇಲ್ಲ.

ಸದ್ದೇ ಇಲ್ಲ, ಇಲ್ಲವೇ ಸೊರಗಿದೆ

ದೀಪ ಹತ್ತುತ್ತಿಲ್ಲವೇ? ಫ್ಯೂಸ್. ಅದರಲ್ಲಿ ತಂತಿ ಸುಮ್ನೆ ತುಂಡಾಗಿದ್ದರೆ ವಯಸ್ಸಾಗಿ ಹೋಗಿರಬಹುದು. ಗಾಜು ಕಪ್ಪಾಗಿ ಲೋಹ ಮೆತ್ತಿಕೊಂಡಿದ್ದರೆ ಒಳಗೆ ಗಟ್ಟಿ ಷಾರ್ಟ್ ಆಗಿದೆ. ಮೊದಲಿದ್ದ ಅಳತೆಯದ್ದನ್ನೇ ಹಾಕಿ. ಅಂಕಿಗೆ ಮುಂಚೆ ‘ಟಿ’ ಇದ್ದರೆ ಅದು ಸ್ಲೋ ಬ್ಲೋ ಫ್ಯೂಸ್. ಮತ್ತೆ ಹೋಯಿತು ಅಂದರೆ ಪವರ್ ಟ್ಯೂಬ್ ತೆಗೆದು ಇನ್ನೊಂದು ಫ್ಯೂಸ್ ಹಾಕಿ ನೋಡಿ. ಈಗ ಉಳಿದರೆ ಪವರ್ ಟ್ಯೂಬ್ ಒಳಗೇ ಷಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಆಗಲೂ ಹೋದರೆ ರೆಕ್ಟಿಫೈಯರ್, ಕೆಪಾಸಿಟರ್ ಇಲ್ಲವೇ ಟ್ರಾನ್ಸ್‌ಫಾರ್ಮರ್. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ದಪ್ಪ ಫ್ಯೂಸ್ ಹಾಕಿ ನೋಡೋಣ ಅನ್ನುವ ಯೋಚನೆ ಬೇಡವೇ ಬೇಡ.

ದೀಪ ಇದೆ, ಟ್ಯೂಬ್ ಹೊಳೆಯುತ್ತಿದೆ, ಸದ್ದು ಮಾತ್ರ ಇಲ್ಲ ಅಂದರೆ ಸ್ಪೀಕರ್ ನೋಡಿ. ಆಂಪ್ ಆರಿಸಿ ಸ್ಪೀಕರ್ ಕೇಬಲ್ ಕಿತ್ತು ಅದರ ಪ್ಲಗ್‌ಗೆ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ ಡಿಸಿಯಲ್ಲಿ 6 ಓಮ್ ಆಸುಪಾಸು ತೋರಿಸುತ್ತದೆ, ಅದು ಸರಿಯಾದ ಲೆಕ್ಕವೇ. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ವೈರ್ ತುಂಡಾಗಿದೆ. ಮೀಟರ್ ಇಲ್ಲವೇ? 1.5 ವೋಲ್ಟ್ ಸೆಲ್ಲನ್ನು ಪ್ಲಗ್‌ಗೆ ಒಂದು ಕ್ಷಣ ತಾಗಿಸಿ. ಸ್ಪೀಕರ್ ‘ಡಪ್’ ಅಂದರೆ ಬದುಕಿದೆ.

ಇನ್ನು ನಿಧಾನವಾಗಿ ಸೊರಗುವ ಆಂಪ್. ಇದು ಹೆಚ್ಚು ತಲೆ ತಿನ್ನುವಂಥದ್ದು. ಗೆಳೆಯನೊಬ್ಬನ ಆಂಪ್ ಹೀಗೇ ಮಾಡುತ್ತಿತ್ತು. ಚೆನ್ನಾಗಿ ನುಡಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಅರ್ಧ ಸದ್ದಿಗೆ ಇಳಿಯುವುದು, ಜೋರಾಗಿ ಒಂದು ಕಾರ್ಡ್ ಹೊಡೆದರೆ ಮತ್ತೆ ಏರುವುದು. ಅವನು ಎರಡೂ ಟ್ಯೂಬ್ ಬದಲಿಸಿ ಆಗಿತ್ತು. ಆಂಪ್ ಹಿಂದೆ ಎಫೆಕ್ಟ್ಸ್ ಲೂಪ್ (ಪ್ರಿಆಂಪ್ ಆದ ಮೇಲೆ ಪೆಡಲ್ ಸೇರಿಸಲು ಇರುವ ಜಾಕ್ ಜೋಡಿ) ಇತ್ತು, ಅವನು ಅದನ್ನು ಬಳಸಿದ್ದೇ ಇಲ್ಲ. ಸೆಂಡ್ ಜಾಕ್‌ನಿಂದ ರಿಟರ್ನ್ ಜಾಕ್‌ಗೆ ಒಂದು ಮೋಟು ಪ್ಯಾಚ್ ಕೇಬಲ್ ಹಾಕಿದೆವು, ಸದ್ದು ಪೂರ್ತಿ ಬಂತು. ಲೂಪ್ ಬಳಸದಿದ್ದಾಗ ಸಿಗ್ನಲ್ ಹೋಗುವುದು ರಿಟರ್ನ್ ಜಾಕ್‌ನ ಒಳಗಿನ ಪುಟ್ಟ ಸ್ವಿಚ್ ಮೂಲಕ. ಬಳಸದೇ ಬಿಟ್ಟ ಜಾಕ್‌ನಲ್ಲಿ ಆ ಸ್ವಿಚ್‌ಗೆ ಕಿಲುಬು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ಗನ್ನು ಹತ್ತಾರು ಸಲ ಹಾಕಿ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಲೂಪ್ ಇರುವ ಆಂಪ್ ಸದ್ದು ಸೊರಗಿದರೆ ಟ್ಯೂಬ್‌ಗಿಂತ ಮೊದಲು ನಾನು ನೋಡುವುದು ಇದನ್ನೇ.

ಬಿಸಿಯಾದ ಮೇಲೆ ಮಾತ್ರ ಸದ್ದು ಹೋಗಿ, ತಣ್ಣಗಾದರೆ ಬರುತ್ತದೆಯೇ? ಟ್ಯೂಬ್ ಸಾಕೆಟ್ಟನ್ನು ನೇರ ಸರ್ಕ್ಯೂಟ್ ಬೋರ್ಡ್ ಮೇಲೆ ಬೆಸೆದಿರುವ ಆಂಪ್‌ಗಳಲ್ಲಿ ಮತ್ತೆ ಮತ್ತೆ ಬಿಸಿಯಾಗಿ ಆರಿ ಬೆಸುಗೆ ಬಿರುಕು ಬಿಡುತ್ತದೆ. ಹೊರಗಿನಿಂದ ಸರಿಮಾಡಲು ಆಗುವುದಿಲ್ಲ, ಆದರೆ ಟೆಕ್ನಿಷಿಯನ್‌ಗೆ ‘ಬಿಸಿಯಾದ ಮೇಲೆ’ ಅನ್ನುವುದನ್ನು ತಪ್ಪದೆ ಹೇಳಿ. ಅವರ ಅರ್ಧ ಕೆಲಸ ಅಲ್ಲೇ ಕಡಿಮೆಯಾಗುತ್ತದೆ.

ನಾಬ್ ತಿರುಗಿಸಿದಾಗ ಕರಕರ ಅಂದರೆ ನಾಬ್ ಹಿಂದಿನ ಪಾಟ್ (ವೇರಿಯಬಲ್ ರೆಸಿಸ್ಟರ್) ಒಳಗೆ ಧೂಳು. ಷಾಸಿ ಬಿಚ್ಚದೆ ತಲುಪಿದರೆ ಕ್ಲೀನರ್ ಹಾಕಿ ತಿರುಗಿಸಿ, ಇಲ್ಲದಿದ್ದರೆ ಟೆಕ್ನಿಷಿಯನ್‌ಗೆ ಬಿಡಿ. ಶುಚಿ ಮಾಡಿದರೂ ಬೇಗನೆ ಮತ್ತೆ ಬಂದರೆ ಪಾಟ್‌ಗೆ ಡಿಸಿ ಸೋರುತ್ತಿದೆ, ಅದು ಕೆಪಾಸಿಟರ್ ತಕರಾರು.

ಒಂದು ಸ್ವರಕ್ಕೆ ಮಾತ್ರ ಗರಗರ

ಎಲ್ಲ ಸ್ವರ ಚೆನ್ನಾಗಿದ್ದು ಒಂದು ಸ್ವರಕ್ಕೆ ಮಾತ್ರ ಗರಗರ ಅಂದರೆ ಎಲ್ಲೋ ಒಂದು ವಸ್ತು ಅದುರುತ್ತಿದೆ. ಆರನೇ ತಂತಿಯಿಂದ ಒಂದೊಂದೇ ಫ್ರೆಟ್ ಏರುತ್ತಾ ಯಾವ ಸ್ವರ ಅಂತ ಹಿಡಿಯಿರಿ. ಆ ಸ್ವರವನ್ನು ಯಾರಾದರೂ ನುಡಿಸುತ್ತಿರಲಿ, ನೀವು ಹಿಂದಿನ ಹಲಗೆ, ಹಿಡಿಕೆ, ಸ್ಪೀಕರ್ ಸ್ಕ್ರೂ ಒತ್ತಿ ಹಿಡಿದು ನೋಡಿ. ಟ್ಯೂಬ್ ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ಪೂ ಹೀಗೆ ಸದ್ದು ಮಾಡುತ್ತದೆ, ಆದರೆ ಬರಿಗೈಯಲ್ಲಿ ಮುಟ್ಟಬೇಡಿ, ಪವರ್ ಟ್ಯೂಬ್ ಸುಡುತ್ತದೆ. ಆಂಪ್‌ನಲ್ಲಿ ಸಿಗದಿದ್ದರೆ ಕೋಣೆ ಹುಡುಕಿ. ಕಪಾಟಿನ ಗಾಜು, ಕಿಟಕಿ, ಗೋಡೆಯ ಫೋಟೋ. ಸ್ನೇರ್ ಡ್ರಮ್ ಇರುವ ಕೋಣೆಯಲ್ಲಂತೂ ಮೊದಲು ಅದನ್ನೇ ಅನುಮಾನಿಸಿ.

ದೋಷವಲ್ಲದ ದೋಷ

‘ಐದೇ ವ್ಯಾಟ್ ಆದರೂ ಮನೆಯವರೆಲ್ಲ ಬೈತಾರೆ, ಸದ್ದು ಇಳಿಸಿದರೆ ಜೀವ ಇಲ್ಲ.’ ಈ ದೂರಿಗೆ ರಿಪೇರಿ ಇಲ್ಲ, ಯಾಕೆಂದರೆ ಏನೂ ಕೆಟ್ಟಿಲ್ಲ.

ವ್ಯಾಟ್ ಲೆಕ್ಕ ನಮ್ಮ ಕಿವಿಗೆ ನೇರವಾಗಿ ಹೊಂದುವುದಿಲ್ಲ. 50 ವ್ಯಾಟ್‌ಗೂ 5 ವ್ಯಾಟ್‌ಗೂ ಇರುವ ಅಂತರ 10 ಡೆಸಿಬೆಲ್, ಅಂದರೆ ಕಿವಿಗೆ ಸುಮಾರು ಅರ್ಧ ಸದ್ದು ಅಷ್ಟೇ. ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಕೊಡುವಂಥದ್ದಾದರೆ 5 ವ್ಯಾಟ್‌ಗೆ 102 ಡೆಸಿಬೆಲ್ ಬರುತ್ತದೆ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಕ್ಕೆ ಶಿಫಾರಸು ಮಾಡಿರುವ ಮಿತಿಯಲ್ಲಿ 85 ಡೆಸಿಬೆಲ್‌ಗೆ ಎಂಟು ಗಂಟೆ, 100ಕ್ಕೆ ಬರೀ 15 ನಿಮಿಷ. ಪುಟ್ಟ ಕೋಣೆಯಲ್ಲಿ ‘ಪುಟ್ಟ’ ಆಂಪ್ ಏನು ಮಾಡುತ್ತದೆ ಅಂತ ಈಗ ಗೊತ್ತಾಯಿತಲ್ಲ?

ಸದ್ದು ಇಳಿಸಿದರೆ ಜೀವ ಹೋಗುವುದಕ್ಕೆ ಎರಡು ಕಾರಣ. ಪವರ್ ಟ್ಯೂಬ್ ಮತ್ತು ಸ್ಪೀಕರ್ ದುಡಿಯುವುದಿಲ್ಲ ಅನ್ನುವುದು ಒಂದು. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಯೇ ಮಂದ್ರವನ್ನು ಕಡಿಮೆ ಕೇಳುತ್ತದೆ ಅನ್ನುವುದು ಇನ್ನೊಂದು. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಜೋರಾಗಿದ್ದಾಗ ಹೊಂದಿಸಿದ ಟೋನ್ ಸಣ್ಣ ಸದ್ದಿಗೆ ಹೊಂದದೇ ಇರುವುದು ಇದಕ್ಕೇ. ಬಾಸ್ ಸ್ವಲ್ಪ ಏರಿಸಿ. ಆಂಪ್ ನೆಲದ ಮೇಲಿದ್ದರೆ ಎತ್ತಿ ಸ್ಟೂಲ್ ಮೇಲಿಡಿ ಅಥವಾ ಹಿಂದಕ್ಕೆ ವಾಲಿಸಿ. ಟ್ರೆಬಲ್ ಸ್ಪೀಕರ್ ನಡುವಿನಿಂದ ನೇರವಾಗಿ ಹೋಗುವುದರಿಂದ ನೆಲದ ಮೇಲಿಟ್ಟ ಆಂಪ್‌ನ ಟ್ರೆಬಲ್ ಎಲ್ಲ ನಿಮ್ಮ ಮೊಣಕಾಲಿಗೆ ಸಲ್ಲುತ್ತದೆ. ಬಾಸ್ ಗುಡುಗಿದರೆ ಮೂಲೆಯಿಂದ ಈಚೆಗೆ ಎಳೆಯಿರಿ.

ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂತು ಸದ್ದು ಇಳಿಸುವ ಅಟೆನ್ಯುಯೇಟರ್ ಒಳ್ಳೆಯ ದಾರಿ, ಅದರ ಓಮ್ ಆಂಪ್‌ಗೆ ಹೊಂದಿರಬೇಕು ಅಷ್ಟೇ. ಆದರೆ ಬಹಳ ಇಳಿಸಿದರೆ ಅದೂ ಮಂಕಾಗಿಯೇ ಕೇಳಿಸುತ್ತದೆ. ಯಾರೂ ಅಷ್ಟಾಗಿ ಹೇಳದ ಉಪಾಯ ಸ್ಪೀಕರ್ ಬದಲಿಸುವುದು. 100 ಡೆಸಿಬೆಲ್ ಸ್ಪೀಕರ್ ತೆಗೆದು 94ರದ್ದು ಹಾಕಿದರೆ, 5 ವ್ಯಾಟ್ ಆಂಪ್ ಸುಮಾರು ಒಂದೂಕಾಲು ವ್ಯಾಟ್ ಆಂಪ್‌ನಷ್ಟೇ ಸದ್ದು ಮಾಡುತ್ತದೆ, ಟ್ಯೂಬ್ ಮಾತ್ರ ಪೂರ್ತಿ ದುಡಿಯುತ್ತದೆ.

ಇನ್ನೂ ಕೊಂಡಿಲ್ಲದವರಿಗೆ

ಮನೆಗೆ ಅಂತಲೇ ಆದರೆ ಒಂದು ವ್ಯಾಟ್ ಅಥವಾ ಅದಕ್ಕೂ ಇಳಿಸುವ ಸ್ವಿಚ್ ಇರುವ ಆಂಪ್ ನೋಡಿ. ಹೆಡ್‌ಫೋನ್ ಔಟ್ ಇದ್ದರೆ, ಅದು ಸ್ಪೀಕರ್ ಆಫ್ ಮಾಡಿದಾಗ ಒಳಗೆ ಲೋಡ್ ಕೊಡುತ್ತದೆಯೇ ಅಂತ ಕೇಳಿ ತಿಳಿದುಕೊಳ್ಳಿ. ಕ್ಲೀನ್ ಸದ್ದು ಜಾಸ್ತಿ ಬೇಕಿದ್ದವರಿಗೆ ಐದು ವ್ಯಾಟ್ ಸಾಲದು ಅನ್ನಿಸಬಹುದು, ಡ್ರಮ್ ಜೊತೆಗಂತೂ ಸಾಲುವುದೇ ಇಲ್ಲ.

ಬೇರೆ ದೇಶದ್ದಾದರೆ ಹಿಂದಿನ ವೋಲ್ಟೇಜ್ ಗುರುತು ಓದಿ. 120 ವೋಲ್ಟ್‌ನದನ್ನು 230ಕ್ಕೆ ಹಾಕಿದರೆ ಫ್ಯೂಸ್ ಹೋದರೆ ಪುಣ್ಯ. 220ರ ಆಂಪ್ 240ರಲ್ಲಿ ಓಡುತ್ತದೆ, ಆದರೆ 6.3 ವೋಲ್ಟ್ ಬೇಕಾದ ಫಿಲಮೆಂಟ್‌ಗೆ 6.9ರ ಹತ್ತಿರ ಹೋಗಿ ಟ್ಯೂಬ್ ಬೇಗ ಸವೆಯುತ್ತದೆ.

ಹಳೆಯದು ಕೊಳ್ಳುವುದಾದರೆ ನಿಮ್ಮ ಗಿಟಾರ್, ನಿಮ್ಮ ಕೇಬಲ್, ಒಂದು ಪ್ಯಾಚ್ ಕೇಬಲ್, ರಬ್ಬರ್ ಇರುವ ಒಂದು ಪೆನ್ಸಿಲ್ ಜೊತೆಗಿರಲಿ. ಮಾರುವವರು ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಆರಿಸಿ, ತಣ್ಣಗಾದ ಮೇಲೆ ನಿಮ್ಮೆದುರೇ ಆನ್ ಮಾಡಿಸಿ. ಎಲ್ಲ ನಾಬ್ ತಿರುಗಿಸಿ, ಎಲ್ಲ ಜಾಕ್ ಅಲ್ಲಾಡಿಸಿ, ಅರ್ಧ ಗಂಟೆಯಾದರೂ ನುಡಿಸಿ. ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಬಿಸಿಯಾದ ಮೇಲೆ ಹೊರಬೀಳುವ ತಕರಾರು ಐದು ನಿಮಿಷದಲ್ಲಿ ಹೊರಬೀಳುವುದಿಲ್ಲ.